ಅಪ್‌ಡೇಟ್: ಮುಧೋಳ ಮರಿ ಮತ್ತು ಮನೆ ಬೆಕ್ಕು, 6 ವಾರ ಆದ ಮೇಲೆ

ಹಿಂದೆ ಕೇಳಿದ್ದು ಇಷ್ಟು: 7 ತಿಂಗಳ ಮುಧೋಳ ನಾಯಿ ಬೆಕ್ಕನ್ನು ಅಟ್ಟಿಸಿಕೊಂಡು ಹೋಗುತ್ತೆ, ಅದು ಆಟವೋ ಬೇಟೆಯೋ? ಎರಡೂ ಹೌದು. ಮುಧೋಳ ಕಣ್ಣಿಂದ ಗುರಿ ಹಿಡಿದು ಬೆನ್ನಟ್ಟುವ ತಳಿ. ಕೂತ ಬೆಕ್ಕಿನ ಪಕ್ಕ ಸುಮ್ಮನಿರುವ ನಾಯಿಯೇ ಓಡುವ ಬೆಕ್ಕಿನ ಹಿಂದೆ ಬೀಳುತ್ತೆ.

ಆಟವಾದರೆ ಬಾಯಿ ಸಡಿಲವಾಗಿ ತೆರೆದಿರುತ್ತೆ, ಮುಂಗಾಲು ನೆಲಕ್ಕೆ ಚಾಚಿ ಹಿಂಭಾಗ ಎತ್ತುತ್ತೆ, ನಡುನಡುವೆ ತಾನೇ ನಿಲ್ಲುತ್ತೆ. ಬಾಯಿ ಮುಚ್ಚಿ, ಮೈ ಬಿಗಿಹಿಡಿದು ದಿಟ್ಟಿಸಿದರೆ ಆಟವಲ್ಲ. ಆ ಕ್ಷಣದಲ್ಲೇ ಗಮನ ತಿರುಗಿಸಬೇಕು. ಓಟ ಶುರುವಾದ ಮೇಲೆ ಕೂಗಿ ಪ್ರಯೋಜನವಿಲ್ಲ.

ಕೆಲಸಕ್ಕೆ ಬಂದದ್ದು: ಮೊದಲ ವಾರ ಬೇರೆ ಬೇರೆ ಕೋಣೆ, ವಾಸನೆ ಪರಿಚಯವಾಗಲಿ ಅಂತ ಹಾಸುಬಟ್ಟೆ ಮಾತ್ರ ಅದಲುಬದಲು. ಆಮೇಲೆ ನಾಯಿಯ ಎದೆಪಟ್ಟಿಗೆ (ಹಾರ್ನೆಸ್) 3 ಮೀಟರ್ ಹಗ್ಗ ಕಟ್ಟಿ ದಿನಕ್ಕೆ ಎರಡು ಸಲ 5 ನಿಮಿಷ ಬೆಕ್ಕಿನ ಜೊತೆ ಒಂದೇ ಕೋಣೆಯಲ್ಲಿ. ಮಾಮೂಲಿ ಕುತ್ತಿಗೆ ಬೆಲ್ಟ್ ಬೇಡ, ಈ ತಳಿಯ ಸಣ್ಣ ತಲೆಯಿಂದ ಜಾರಿಬಿಡುತ್ತೆ. ಬೆಕ್ಕನ್ನು ನೋಡಿ ಮುಖ ತಿರುಗಿಸಿದಾಗೆಲ್ಲ ಬಟಾಣಿಯಷ್ಟು ಬೇಯಿಸಿದ ಕೋಳಿ. ಬೆಕ್ಕಿಗೆ ಹತ್ತಿ ಕೂರಲು 5 ಅಡಿ ಎತ್ತರದ ಹಲಗೆ ಇರಲೇಬೇಕು.

ಎಡವಟ್ಟಾಗಿದ್ದು ಬಾಲದಲ್ಲಿ. ಬೆಕ್ಕು ಬಾಲ ಪಟಪಟ ಬಡಿದರೆ ಸಿಟ್ಟು. ಮರಿಗೆ ಅದು ಕರೆದಂತೆ ಕಾಣುತ್ತೆ, ಮೂತಿ ಒಡ್ಡಿ ಪರಚಿಸಿಕೊಳ್ಳುತ್ತೆ.

ಈಗ ನಾಯಿಯನ್ನು ಹಿಡಿದು ನಿಲ್ಲಿಸಿದರೆ ಬೆಕ್ಕೇ ವಾಪಸ್ ಬಂದು ಪಂಜದಲ್ಲಿ ತಟ್ಟುತ್ತೆ, ಉಗುರು ಹೊರಗೆ ಬಿಡದೆ. ಇಬ್ಬರಿಗೂ ಆಟ ಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಪರೀಕ್ಷೆ ಇಲ್ಲ. ಮನೇಲಿ ಯಾರೂ ಇಲ್ಲದಾಗ ಮಾತ್ರ ಇನ್ನೂ ಬೇರೆ ಕೋಣೆ.