ಸಹಾಯ ಬೇಕು: ಸಿಒಪಿಡಿ ಇರುವ ಅಪ್ಪನಿಗೆ ನಡಿಗೆ ಅಭ್ಯಾಸ, ವಿಜಯಪುರ

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪನಿಗೆ ಸಿಒಪಿಡಿ (ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇದೆ. ಬೀಡಿ ಬಿಟ್ಟಿದ್ದಾರೆ, ಇನ್ಹೇಲರ್ ತಪ್ಪಿಸೋದಿಲ್ಲ. ಆದರೆ ದಮ್ಮು ಹತ್ತುತ್ತೆ ಅಂತ ಹೆದರಿ ಇಡೀ ದಿನ ಕಟ್ಟೆ ಮೇಲೆ ಕೂತಿರುತ್ತಾರೆ. ಬಚ್ಚಲಿಗೆ ಹೋಗಿ ಬಂದರೂ ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಾರೆ. ಬಂದವರೆಲ್ಲ "ಸುಮ್ನೆ ಆರಾಮಾಗಿರಿ ಕಾಕಾ" ಅಂತಾರೆ. ನನಗೆ ಅದೇ ಚಿಂತೆ. ಕೂತಷ್ಟೂ ಕಾಲಿನ ಶಕ್ತಿ ಇಳಿಯುತ್ತೆ, ಆಮೇಲೆ ನಾಲ್ಕು ಹೆಜ್ಜೆಗೇ ಏದುಸಿರು.

2006ರಲ್ಲಿ ಪ್ರಕಟವಾದ ಕೋಪನ್‌ಹೇಗನ್ ಅಧ್ಯಯನದಲ್ಲಿ, ವಾರಕ್ಕೆ 2 ಗಂಟೆಯಾದರೂ ನಡೆಯುವಷ್ಟು ಚಟುವಟಿಕೆ ಇದ್ದ ರೋಗಿಗಳಲ್ಲಿ ಆಸ್ಪತ್ರೆ ಸೇರುವುದೂ ಸಾವೂ ಕಡಿಮೆ ಇತ್ತು. ಗಟ್ಟಿಯಿದ್ದವರೇ ಜಾಸ್ತಿ ನಡೆದಿರಬಹುದು, ನಿಜ. ಆದರೂ ಕೈಬಿಡೋ ಮಾತಲ್ಲ ಅಲ್ವಾ?

ವಿಜಯಪುರದಲ್ಲಿ 6 ನಿಮಿಷದ ನಡಿಗೆ ಪರೀಕ್ಷೆ ಮಾಡಿ, ಆಕ್ಸಿಜನ್ ನೋಡಿಕೊಂಡು ವ್ಯಾಯಾಮ ಹೇಳಿಕೊಡುವ ಫಿಸಿಯೊಥೆರಪಿಸ್ಟ್ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಗೋಳಗುಮ್ಮಟದ ಕಡೆ ಬೆಳಿಗ್ಗೆ ನಿಧಾನವಾಗಿ ನಡೆಯುವ ಹಿರಿಯರಿದ್ದರೂ ಹೇಳಿ, ಅಪ್ಪನಿಗೆ ಜೊತೆಯಾಗುತ್ತೆ.