ಆಕ್ಸಿಜನ್ ಕಾನ್ಸಂಟ್ರೇಟರಿನ ಬ್ಯಾಟರಿ ದಾರಿಯಲ್ಲೇ ಮುಗಿಯದಂತೆ ಏನು ಮಾಡಬೇಕು?

ಪ್ರಶ್ನೆ: ನಮ್ಮ ತಂದೆಯವರನ್ನು ತಿಂಗಳಿಗೊಮ್ಮೆ ರಾಜಾಜಿನಗರದಿಂದ ಎಲೆಕ್ಟ್ರಾನಿಕ್ ಸಿಟಿ ಕಡೆಯ ಆಸ್ಪತ್ರೆಗೆ ಕರೆದೊಯ್ಯುವಾಗ, ಸಿಲ್ಕ್ ಬೋರ್ಡ್ ಬಳಿ ವಾಹನಗಳು ನಿಂತವೆಂದರೆ ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿ ಕೊಡುವ ಪೋರ್ಟಬಲ್ ಕಾನ್ಸಂಟ್ರೇಟರಿನ ಕೊನೆಯ ಬ್ಯಾಟರಿ ಗೆರೆ ಮಿನುಗತೊಡಗುತ್ತದೆ. ಅದು ಹೆಚ್ಚು ಹೊತ್ತು ಬರುವಂತೆ ಮಾಡುವುದು ಹೇಗೆ?

ಉತ್ತರ 1: ನಿರಂತರ ಹರಿವಿಗಿಂತ, ಉಸಿರೆಳೆದುಕೊಂಡಾಗ ಮಾತ್ರ ಆಮ್ಲಜನಕ ಬಿಡುವ ಪಲ್ಸ್ ವಿಧಾನದಲ್ಲಿ ಕಂಪ್ರೆಸರಿನ ಕೆಲಸ ಕಡಿಮೆಯಾಗಿ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ, ಆದರೆ ಬ್ಯಾಟರಿ ಉಳಿಸಲೆಂದು ವೈದ್ಯರು ಹೇಳಿದ ಸೆಟ್ಟಿಂಗನ್ನು ದಯವಿಟ್ಟು ನೀವಾಗಿಯೇ ಬದಲಿಸಬೇಡಿ.

ಉತ್ತರ 2: ಕಾರಿನ 12 ವೋಲ್ಟ್ ಸಾಕೆಟ್ಟಿಗೆ ಯಂತ್ರದ ತಯಾರಕರೇ ಕೊಟ್ಟ ಡಿಸಿ ಅಡಾಪ್ಟರನ್ನು ಜೋಡಿಸಿಕೊಳ್ಳಿ. ನಮ್ಮ ತಾಯಿಯವರ ಯಂತ್ರದ ಫಿಲ್ಟರಿನ ಮೇಲೆ ಬೂದು ಧೂಳು ಕಂಬಳಿಯಂತೆ ಕೂತಿತ್ತು; ಅದನ್ನು ತೊಳೆದು, ಪೂರ್ತಿ ಒಣಗಿಸಿ ಹಾಕಿದ ಮೇಲೆ ಯಂತ್ರ ಮೊದಲಿನಷ್ಟು ಬಿಸಿಯಾಗುತ್ತಿಲ್ಲ.

ಉತ್ತರ 3: ಇಂಥ ಯಂತ್ರಗಳಲ್ಲಿರುವ ಲಿಥಿಯಂ ಅಯಾನ್ ಬ್ಯಾಟರಿಗೆ ಶಾಖ ಆಗಿಬರುವುದಿಲ್ಲ, ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ. ಪೂರ್ತಿ ಚಾರ್ಜಾದ ಇನ್ನೊಂದು ಬ್ಯಾಟರಿ ಸದಾ ಜೊತೆಗಿರಲಿ.