ಕಾರ್ಡಲ್ಲಿ ಓ, ಲ್ಯಾಬಲ್ಲಿ ಬಾಂಬೆ: ಈ ಫಿನೋಟೈಪ್ ಅಂದ್ರೆ ಏನು?

ಹಾಸನದ ಹುಡುಗ: ಚಿಕ್ಕಮ್ಮನ ಆಪರೇಷನ್‌ಗೆ ರಕ್ತ ಹೊಂದಿಸಬೇಕಿತ್ತು. ಅವರ ಕಾರ್ಡಲ್ಲಿ ಓ ಪಾಸಿಟಿವ್ ಅಂತಿದೆ. ಮೂರು ಓ ಬಾಟಲಿ ಕ್ರಾಸ್‌ಮ್ಯಾಚ್ ಮಾಡಿದರು, ಅಂದರೆ ಅವರ ರಕ್ತದ ಜೊತೆ ಬೆರೆಸಿ ನೋಡಿದರು, ಮೂರೂ ಗಂಟುಗಂಟಾದವು. ಕೊನೆಗೆ ‘ಬಾಂಬೆ ಫಿನೋಟೈಪ್’ ಅಂತ ಬರೆದುಕೊಟ್ಟರು. ನಮ್ಮ ಚಿಕ್ಕಮ್ಮ ಅರಸೀಕೆರೆ ದಾಟಿದವರಲ್ಲ! ಫಿನೋಟೈಪ್ ಅಂದ್ರೆ ಜೀನ್ ತಾನೇ?

ಪಿಪೆಟ್: ಅಲ್ಲ. ಒಳಗೆ ಬರೆದಿರುವುದು ಜೀನೋಟೈಪ್. ಅದು, ಊಟ, ವಾತಾವರಣ ಎಲ್ಲ ಸೇರಿ ಕೊನೆಗೆ ಮೈಯಲ್ಲಿ ಏನು ಕಾಣುತ್ತದೋ, ಅಳೆಯಲು ಏನು ಸಿಗುತ್ತದೋ ಅದು ಫಿನೋಟೈಪ್. ಎತ್ತರ, ಬಿಪಿ, ರಕ್ತದ ಗುಂಪು, ಎಲ್ಲವೂ. ಕೆಂಪು ಕಣದ ಮೇಲೆ ಎ ಅಥವಾ ಬಿ ಕೂರಲು ಮೊದಲು ಎಚ್ ಅನ್ನುವ ಬುಡ ಬೇಕು. ನಿಮ್ಮ ಚಿಕ್ಕಮ್ಮನಿಗೆ ಆ ಬುಡವೇ ಇಲ್ಲ. ಒಳಗೆ ಬಿ ಜೀನ್ ಇದ್ದರೂ ಟೆಸ್ಟಲ್ಲಿ ಓ ಅಂತ ಕಾಣುತ್ತದೆ. ಆದರೆ ನಿಜವಾದ ಓ ರಕ್ತದಲ್ಲಿ ಎಚ್ ತುಂಬಿರುತ್ತದೆ, ಅವರ ಮೈ ಅದನ್ನು ಸೇರಿಸುವುದಿಲ್ಲ. 1952ರಲ್ಲಿ ಭೇಂಡೆ ಮತ್ತು ಜೊತೆಯವರು ಬಾಂಬೆಯಲ್ಲಿ ಕಂಡು ವರದಿ ಮಾಡಿದರು, ಅದಕ್ಕೇ ಆ ಹೆಸರು.

ಅಚ್ಚಗನ್ನಡಿಗ: ‘ಕಾಣುತ್ತದೋ’ ಅಂದಿರಲ್ಲ, ಸಾಕು. ಫಿನೋಟೈಪಿಗೆ ಕನ್ನಡದಲ್ಲಿ ‘ತೋರಿಕೆ’ ಅನ್ನಿ. ಗ್ರೀಕ್ ಮೂಲಕ್ಕೂ ತೋರುವುದು ಅಂತಲೇ ಅರ್ಥ.

ನಿವೃತ್ತ ಮೇಷ್ಟ್ರು: ತೋರಿಕೆಯ ಭಕ್ತಿ ಅನ್ನುವ ಹಾಗೆ ತೋರಿಕೆಯ ರಕ್ತವೇ? ಸುಳ್ಳು ಅಂತಾಗುತ್ತದೆ. ನಾನು 31 ವರ್ಷ ‘ವ್ಯಕ್ತರೂಪ’ ಅಂತ ಪಾಠ ಮಾಡಿದ್ದೇನೆ.

ಅಚ್ಚಗನ್ನಡಿಗ: 31 ವರ್ಷದಲ್ಲಿ ಎಷ್ಟು ಮಕ್ಕಳಿಗೆ ಅರ್ಥ ಆಯ್ತು ಸಾರ್?

ನಿವೃತ್ತ ಮೇಷ್ಟ್ರು: ಹಿಮಾಲಯನ್ ಮೊಲದ ಕಥೆ ಹೇಳಿದರೆ ಎಲ್ಲರಿಗೂ ಆಗುತ್ತಿತ್ತು. ಮೈ ಬಿಳಿ, ಕಿವಿ ಮೂಗು ಕಪ್ಪು. ಬೆನ್ನು ಬೋಳಿಸಿ ಐಸ್ ಕಟ್ಟಿದರೆ ಅಲ್ಲೂ ಕಪ್ಪು ಕೂದಲೇ ಹುಟ್ಟುತ್ತದೆ. ಜೀನ್ ಮಾತ್ರ ಅದೇ.

ಕಾಫಿತೋಟ: ಐಸ್ ಕಟ್ಟಿದರೆ ಕಪ್ಪಾ? ಮಡಿಕೇರಿ ಚಳಿಗೆ ನಾನು ಇಷ್ಟು ಹೊತ್ತಿಗೆ ಇದ್ದಿಲಾಗಬೇಕಿತ್ತು. ಸುಮ್ನೆ ಸುತ್ತಿ ಬಳಸಿ ಹೇಳಬೇಡಿ, ಎಲ್ಲ ಜೀನೇ. ನಮ್ಮವರಿಗೆ ಶುಗರ್ ಜಾಸ್ತಿ ಬರುವುದೂ ಅದರಿಂದಲೇ.

ಪಿಪೆಟ್: ಆ ಮೊಲದ ಕಿಣ್ವ ಬೆಚ್ಚಗಿರುವ ಕಡೆ ಕೆಲಸ ಮಾಡಲ್ಲ, ನಿಮ್ಮದು ಮಾಡುತ್ತೆ. ಶುಗರ್ ಮಾತಿಗೆ ಬಂದರೆ, ಪುಣೆಯ ಡಾಕ್ಟರ್ ಯಾಜ್ಞಿಕ್, ಲಂಡನ್ನಿನ ಡಾಕ್ಟರ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮದೇ ಫೋಟೊ ಹಾಕಿದ್ದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ, 22.3. ಮೈಯ ಕೊಬ್ಬು ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2. ತಕ್ಕಡಿಗೆ ಕಾಣದ್ದು ಸ್ಕ್ಯಾನಿಗೆ ಕಂಡಿತು. ಏನನ್ನು ಅಳೆಯುತ್ತೀರಿ ಅನ್ನುವುದೇ ಮುಖ್ಯ.

ಕಾಫಿತೋಟ: ಒಬ್ಬರು ಪುಣೆ, ಒಬ್ಬರು ಲಂಡನ್. ಜೀನ್ ಅಂತ ನೀವೇ ಒಪ್ಪಿದಿರಿ, ಮುಗೀತಲ್ಲ.

ಪಿಪೆಟ್: ಎಲ್ಲಿ ಒಪ್ಪಿದೆ? ತಾಯಿಯ ಹೊಟ್ಟೆಯಲ್ಲಿದ್ದಾಗ ಸಿಕ್ಕ ಪೋಷಣೆ ಬಗ್ಗೆ ಅದೇ ಯಾಜ್ಞಿಕ್ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಬೇಕಾದ ಅರ್ಧ ಮಾತ್ರ ಓದ್ತೀರಿ.

ಅಚ್ಚಗನ್ನಡಿಗ: ‘ಕಂಡಿತು’! ಮತ್ತೆ ಅಲ್ಲಿಗೇ ಬಂದಿರಿ. ತೋರಿಕೆ ಬೇಡವಾದರೆ ‘ತೋರ್ಪು’ ಇರಲಿ.

ನಿವೃತ್ತ ಮೇಷ್ಟ್ರು: ಬ್ಲಡ್ ಬ್ಯಾಂಕಲ್ಲಿ ತೋರ್ಪು ಅಂದರೆ ಯಾರಿಗೆ ತಿಳಿಯುತ್ತೆ?

ಅಚ್ಚಗನ್ನಡಿಗ: ವ್ಯಕ್ತರೂಪ ಅಂದರೆ ‘ಯಾವ ವ್ಯಕ್ತಿ?’ ಅಂತ ಕೇಳ್ತಾರೆ.

ನಿವೃತ್ತ ಮೇಷ್ಟ್ರು: ವ್ಯಕ್ತ ಬೇರೆ, ವ್ಯಕ್ತಿ ಬೇರೆ! ಇಷ್ಟೂ ಗೊತ್ತಿಲ್ಲದವರು ಪದ ಕಟ್ಟಲು ಹೊರಟಿದ್ದಾರೆ. ಮೊದಲು ಒಂದು ನಿಘಂಟು ಕೊಳ್ಳಿ.

ಅಚ್ಚಗನ್ನಡಿಗ: ನಿಮ್ಮ ನಿಘಂಟಲ್ಲಿ ಕನ್ನಡ ಎಲ್ಲಿದೆ ಸಾರ್, ಇರೋದೆಲ್ಲ ಸಂಸ್ಕೃತ.

ಹಾಸನದ ಹುಡುಗ: ದಯವಿಟ್ಟು ಸ್ವಲ್ಪ ಈ ಕಡೆ ನೋಡಿ. ಚಿಕ್ಕಪ್ಪ ಓ, ಚಿಕ್ಕಮ್ಮ ಕಾರ್ಡಲ್ಲಿ ಓ, ಮಗ ಬಿ. ಇದು ಗೊತ್ತಾದಾಗಿಂದ ನೆಂಟರ ಬಾಯಿ ಸುಮ್ಮನಿಲ್ಲ.

ಪಿಪೆಟ್: ಚಿಕ್ಕಮ್ಮನ ಬಚ್ಚಿಟ್ಟ ಬಿ ಜೀನ್ ಮಗನಿಗೆ ಬಂದಿದೆ. ಎಚ್ ಅಪ್ಪನಿಂದ ಬಂತು, ಹಾಗಾಗಿ ಅವನಲ್ಲಿ ಬಿ ಕಂಡಿತು. ನೆಂಟರಿಗೆ ಇದನ್ನೇ ಓದಿ ಹೇಳಿ. ರಕ್ತ ಬಾಂಬೆ ಗುಂಪಿನದ್ದೇ ಬೇಕು. ಅವರ ಒಡಹುಟ್ಟಿದವರಲ್ಲಿ ಮೊದಲು ಹುಡುಕಿ, ಅಂದರೆ ನಿಮ್ಮ ಅಮ್ಮನಿಗೂ ಟೆಸ್ಟ್ ಮಾಡಿಸಿ. ಆಪರೇಷನ್ ತಡವಾದರೂ ಪರವಾಗಿಲ್ಲ ಅನ್ನುವುದಾದರೆ, ಚಿಕ್ಕಮ್ಮನದೇ ರಕ್ತ ಮುಂಚೆ ತೆಗೆದಿಡಬಹುದಾ ಅಂತ ಡಾಕ್ಟರನ್ನು ಕೇಳಿ.

ಕಾಫಿತೋಟ: ‘ಬಿ ಜೀನ್ ಮಗನಿಗೆ ಬಂದಿದೆ.’ ನಾನು ಬೇರೆ ಏನು ಹೇಳಿದ್ದೆ?

ಅಚ್ಚಗನ್ನಡಿಗ: ಬಚ್ಚಿಟ್ಟ ಬಿ! ಮೇಷ್ಟ್ರೇ, ಇದು ‘ಅವ್ಯಕ್ತ’ವೋ?

ನಿವೃತ್ತ ಮೇಷ್ಟ್ರು: ಹೌದು. ತೋರ್ಪಿನಲ್ಲಿ ಇದಕ್ಕೇನು ಅಂತೀರಿ, ‘ತೋರದ ತೋರ್ಪು’?

ಹಾಸನದ ಹುಡುಗ: ಅಮ್ಮನ ಸ್ಯಾಂಪಲ್ ಕೊಟ್ಟು ಬಂದೆ. ಕೌಂಟರಲ್ಲಿ ‘ಬಾಂಬೆ ಬ್ಲಡ್’ ಅಂದೆ, ತಕ್ಷಣ ಅರ್ಥ ಆಯ್ತು.